ರಸ್ತೆ ದಾಟುವವರು: ಯಾರೂ ಇಲ್ಲ

ಜನವರಿ 6
ಎಂಟೂವರೆಯಾದರೂ ದಮಯಂತಿ ಕೆಲಸಕ್ಕೆ ಬಂದಿಲ್ಲ. ರಾತ್ರಿಯ ಪಾತ್ರೆ ಹಾಗೇ ಬಿದ್ದಿದೆ. ನಾನೇ ನೀರುದೋಸೆ ಹೊಯ್ದೆ, ಕಾವಲಿ ಬಿಟ್ಟು ಏಳಲಿಲ್ಲ. ಇವರು ಪೇಪರ್ ಬಿಟ್ಟು ಏಳಲಿಲ್ಲ.

ಒಂಬತ್ತೂವರೆಗೆ ಬಂದಳು, ಬೆವರಿಳಿಸುತ್ತಾ. ತೋಡಾರಿನ ಹೊಸ ಹೈವೇಯ ನಡುವೆ ಗೋಡೆ ಕಟ್ಟಿ ಮುಗಿಯಿತಂತೆ. ಅವಳ ಕಾಲನಿ ನಮ್ಮ ಮನೆಯ ಎದುರಿಗೇ, ರಸ್ತೆಯ ಆಚೆ. ದಾಟಿದರೆ ಐದು ನಿಮಿಷ. ಈಗ ಸುತ್ತು ಹಾಕಿ ಎರಡೂವರೆ ಕಿಲೋಮೀಟರ್.

"ಹದಿನೇಳು ಮನೆ ಉಂಟು ಅಕ್ಕ. ಮಕ್ಕಳು ಶಾಲೆಗೆ ಹೇಗೆ ಹೋಗುವುದು?"

ಜನವರಿ 9
ಅವಳ ಮಗಳು ಚಿತ್ರಾ ಮೂರು ದಿನದಿಂದ ಶಾಲೆಗೆ ಹೋಗಿಲ್ಲ. ಗೋಡೆ ಹತ್ತಿ ಹಾರಲು ತಾಯಿ ಬಿಡುವುದಿಲ್ಲ.

ಮೈಯೆಲ್ಲ ಉರಿಯಿತು. ಮದುವೆ ಹಾಲ್‌ ಎದುರು ಅಂಡರ್‌ಪಾಸ್ ಕೊಟ್ಟಿದ್ದಾರೆ, ಕಾರು ತಿರುಗಿಸಲು! ಕಾಲನಿ ಕಣ್ಣಿಗೆ ಬೀಳಲಿಲ್ಲವಾ? "ನಾನೇ ಹೋಗಿ ಕೇಳ್ತೇನೆ" ಅಂದೆ. ದಮಯಂತಿ ನನ್ನ ಮುಖ ನೋಡಿ, ಪಾತ್ರೆ ತೊಳೆಯಲು ಹೋದಳು.

ಜನವರಿ 17, ಮಧ್ಯಾಹ್ನ
ಮಂಗಳೂರು, ಹೈವೇ ಆಫೀಸು. ಎಂಜಿನಿಯರ್ ಜಯಪ್ರಕಾಶ್‌ಗೆ ಬಾಯಿಗೆ ಬಂದ ಹಾಗೆ ಬೈದೆ. ಅವರು ಫೈಲು ತೆಗೆದು ನನ್ನ ಕಡೆ ತಿರುಗಿಸಿದರು.

"ಸರ್ವೇ ಮಾಡಿಯೇ ಅಲ್ಲಿ ಅಂಡರ್‌ಪಾಸ್ ಕೈಬಿಟ್ಟದ್ದು ಮೇಡಂ. ನೋಡಿ."

ನಾಲ್ಕು ವರ್ಷದ ಹಿಂದಿನ ಫಾರ್ಮ್. ಇಲ್ಲಿ ರಸ್ತೆ ದಾಟುವವರು: ಯಾರೂ ಇಲ್ಲ. ಕೆಳಗೆ ಹೇಳಿಕೆ ಕೊಟ್ಟವರ ಸಹಿ.

ನನ್ನದು.

ಅದೇ ದಿನ, ಸಂಜೆ
ಈಗ ನೆನಪಾಗುತ್ತಿದೆ. ಸರ್ವೇಯವರು ನಮ್ಮ ಮನೆಯ ಮುಂದಿನ ಸಿಟೌಟಿನಲ್ಲಿ ಕೂತು ಕೇಳಿದ್ದರು. ಆಚೆ ನಮಗೆ ತೋಟವಿಲ್ಲ, ನೆಂಟರಿಲ್ಲ. ಯಾರೂ ದಾಟುವುದಿಲ್ಲ ಅಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ... ನಿಜವೆಂದೇ ನಂಬಿದ್ದೆ! ಹದಿನಾಲ್ಕು ವರ್ಷದಿಂದ ದಿನಾ ದಾಟಿ ಬರುವವಳು ನನ್ನ ಅಡುಗೆಮನೆಯಲ್ಲೇ ಇದ್ದಳು. ಎಂಥ ಹೆಂಗಸು ನಾನು?

ಆ ಹೇಳಿಕೆ ತಪ್ಪು ಅಂತ ನಾನೇ ಬರೆದುಕೊಟ್ಟರೆ ಮೇಲಿನವರಿಗೆ ಕಳಿಸಬಹುದು ಅಂದಿದ್ದಾರೆ ಜಯಪ್ರಕಾಶ್. ಇವರು ಮಾತ್ರ, "ಆದದ್ದು ಆಯ್ತು ಮಾರಾಯ್ತಿ, ಅವಳಿಗೆ ಯಾರು ಹೇಳ್ತಾರೆ?" ಅಂದರು.

ಜನವರಿ 29
ಹನ್ನೆರಡು ದಿನ ಹೇಳಲಿಲ್ಲ. ಅವಳು ಸುತ್ತು ಹಾಕಿ ಬಂದು ನನ್ನ ಪಾತ್ರೆ ತೊಳೆದಳು.

ಇವತ್ತು ತಪ್ಪೊಪ್ಪಿಗೆ ಬರೆದೆ. ಕಳಿಸುವ ಮೊದಲು ಅವಳನ್ನು ಕರೆದು ಕೂರಲು ಹೇಳಿದೆ. ಕೂರಲಿಲ್ಲ. ಹೇಳಿದೆ, ಎಲ್ಲ.

"ಗೊತ್ತುಂಟು ಅಕ್ಕ," ಅಂದಳು. "ಆ ದಿನ ಅವರಿಗೆ ಚಹಾ ತಂದದ್ದು ನಾನೇ ಅಲ್ವಾ? ನೀವು ಹೇಳುವಾಗ ಪಕ್ಕದಲ್ಲೇ ನಿಂತಿದ್ದೆ."

ನಾಲ್ಕು ವರ್ಷದಿಂದ ಇವಳಿಗೆ ಗೊತ್ತಿತ್ತು!

ಆಗಲೇ ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಿದೆ. ಕೇಳಿದ ಮೇಲೆ ಅವಳ ಮುಖ ನೋಡಿ ಹೊಳೆಯಿತು: ಆ ದಿನ ಪಕ್ಕದಲ್ಲೇ ಇದ್ದ ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ.