ಕಂಬ ಮುಟ್ಟದ ಮೇಷ್ಟ್ರಿಗೆ

ಚೇರಂಬಾಣೆ
ಅಕ್ಟೋಬರ್ ೨೦, ಸೋಮವಾರ

ಮೇಷ್ಟ್ರೇ,

ಮದುವೆಯಾದ ದಿನದಿಂದ ನಿಮ್ಮನ್ನು ಹೀಗೇ ಕರೆದವಳು ನಾನು. ಈಗ ಕಾಗದದಲ್ಲಿ ಬೇರೆ ಹೆಸರು ಹುಡುಕಿದರೆ ನಿಮಗೇ ನಗು ಬಂದೀತು. ಫೋನು ಮಾಡಬಹುದಿತ್ತು. ಮೂರು ಸಲ ನಂಬರು ಒತ್ತಿ, ಅತ್ತ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಬಾಯಲ್ಲಿ ಹೇಳಹೊರಟರೆ ಅರ್ಧಕ್ಕೇ ಅಳುತ್ತೇನೆ. ನೀವು ಆಗಲಿ ಬಿಡು ಅನ್ನುತ್ತೀರಿ. ಅಲ್ಲಿಗೆ ಮಾತು ಮುಗಿಯುತ್ತದೆ. ಈ ಸಲ ಹಾಗೆ ಮುಗಿಯುವುದು ಬೇಡ ಅಂತ ಬರೆಯುತ್ತಿದ್ದೇನೆ.

ಸಿದ್ದಾಪುರದ ಆ ಬಾಡಿಗೆ ರೂಮಿನಲ್ಲಿ ಊಟತಿಂಡಿಗೆ ಏನು ಮಾಡುತ್ತೀರೋ ಗೊತ್ತಿಲ್ಲ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ, ಈಗ ಕೇಳಲು ನಾಚಿಕೆ. ಇಲ್ಲಿ ನಿಮ್ಮ ಟೈಗರ್ ಇನ್ನೂ ಇದೆ. ಮುದಿಯಾಗಿದೆ, ಹಿಂಗಾಲು ಎಳೆಯುತ್ತದೆ, ಆದರೂ ಸಂಜೆ ಬಸ್ಸಿನ ಸದ್ದಾದರೆ ಗೇಟಿನ ತನಕ ಹೋಗಿ ಬರುತ್ತದೆ. ನಾನು ಅದಕ್ಕೆ ಅನ್ನ ಹಾಕುತ್ತೇನೆ. ರೊಟ್ಟಿ ಮಾತ್ರ ಹಾಕುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ಬುಧವಾರ ಸಂಕ್ರಮಣಕ್ಕೆ ಮನೆ ಗುಡಿಸುತ್ತಾ ಅಟ್ಟ ಹತ್ತಿದೆ. ಅಲ್ಲಿ ನಿಮ್ಮ ತಗಡಿನ ಪೆಟ್ಟಿಗೆ ಸಿಕ್ಕಿತು, ಮಕ್ಕಳಿಗೆ ಪವಾಡ ತೋರಿಸುತ್ತಿದ್ದಿರಲ್ಲ, ಅದು. ವಿಭೂತಿ ಉಂಡೆ, ಕರ್ಪೂರದ ಡಬ್ಬಿ, ತನ್ನಷ್ಟಕ್ಕೆ ನೀರು ಬರುವ ಆ ತಂಬಿಗೆ, ಎಲ್ಲ ಹಾಗೇ ಇದ್ದವು. ತಂಬಿಗೆಯೊಳಗೆ ಕೈ ಹಾಕಿದರೆ ನಿಮ್ಮ ನೀಲಿ ಚೌಕಳಿಯ ಕರ್ಚೀಫು. ಬಿಚ್ಚಿದೆ. ಅವ್ವನ ಶುಗರ್ ನೋಡುವ ಮಿಷನ್ನು.

ಅಯ್ಯೋ ಮೇಷ್ಟ್ರೇ, ಆ ಮಿಷನ್ನಿಗಾಗಿ ಶಾಂತಪ್ಪ ಅಣ್ಣ ಆಗ ಇಡೀ ಮನೆ ತಲೆಕೆಳಗು ಮಾಡಿದ್ದು ನೆನಪಿದೆಯಾ? ನೀವೇ ಅದನ್ನು ಬಚ್ಚಿಟ್ಟಿದ್ದೀರಿ, ನಿಮ್ಮ ತಪ್ಪು ಅದರಲ್ಲಿ ದಾಖಲಾಗಿದೆ, ಅದಕ್ಕೇ ಅಂತ ಅಣ್ಣ ಕೂಗಾಡಿದ್ದ. ಬಚ್ಚಿಟ್ಟದ್ದು ನೀವೇ ಅನ್ನುವುದು ನಿಜವಾಯಿತು. ಕೆಲಸದ ಕೆಂಚಿಯ ಕೈಲಿ ಅಂಗಡಿಯಿಂದ ಹೊಸ ಸೆಲ್ ತರಿಸಿ ಹಾಕಿ ನೀವು ಕಲಿಸಿದ ಹಾಗೆ ಗುಂಡಿ ಒತ್ತಿದೆ. ಕೊನೆಯ ಲೆಕ್ಕ ಬಂತು. ನಾಲ್ಕು ವರ್ಷದ ಹಿಂದಿನ ಅಕ್ಟೋಬರ್ ಹದಿನೇಳು, ಬೆಳಿಗ್ಗೆ ಆರು ಐವತ್ತೆರಡು. ನೂರ ಎಪ್ಪತ್ತೊಂದು.

ಅವತ್ತು ನೀವು ಐದೂ ಮುಕ್ಕಾಲಿನ ಮೊದಲ ಬಸ್ಸಿಗೆ ಹೋಗಿದ್ದಿರಿ.

ಅಟ್ಟದ ಏಣಿಯ ಮೇಲೇ ಕೂತುಬಿಟ್ಟೆ.

ನಿಮಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ಸಂಜೆಯೇ ಮಿಷನ್ನು ನೋಡಿ ಗೊತ್ತಾಗಿತ್ತು, ಅಲ್ಲವಾ? ಅವ್ವನಿಗೆ ಆ ಬೆಳಿಗ್ಗೆ ಶುಗರ್ ನೋಡಿ ಸೂಜಿ ಕೊಟ್ಟವಳು ನಾನು. ಬೇರೆ ಯಾರು ಕೊಡಬೇಕು? ಅವ್ವನಿಗೆ ಕಣ್ಣಿನ ಪೊರೆ, ಇನ್ಸುಲಿನ್ ಪೆನ್ನಿನ ಅಂಕಿ ಕಾಣುತ್ತಿರಲಿಲ್ಲ. ದಿನಾ ಕೊಡುವುದು ನೀವು, ನೀವಿಲ್ಲದ ದಿನ ನಾನು. ಸಾಕ್ಷಿ ಇಲ್ಲದೆ ಯಾವುದನ್ನೂ ನಂಬಬೇಡಿ ಅಂತ ಊರ ಮಕ್ಕಳಿಗೆಲ್ಲ ಹೇಳುವ ಮನುಷ್ಯ, ನಿಮ್ಮನ್ನು ಬಿಡಿಸುವ ಸಾಕ್ಷಿಯನ್ನೇ ಕರ್ಚೀಫಿನಲ್ಲಿ ಸುತ್ತಿ ತಂಬಿಗೆಯೊಳಗೆ ತುರುಕಿದಿರಿ.

ಆ ದಿನದ್ದನ್ನು ನಾನು ನಿಮಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ಈಗ ಹೇಳುತ್ತೇನೆ. ತಲಕಾವೇರಿಯ ತೀರ್ಥೋದ್ಭವ ಆ ವರ್ಷ ಮಧ್ಯಾಹ್ನಕ್ಕೆ ಬಿದ್ದಿತ್ತು. ತೀರ್ಥ ಬರುವ ತನಕ ನೀರೂ ಮುಟ್ಟುವುದಿಲ್ಲ ಅಂತ ಅವ್ವನ ಹಟ. ಅದರ ಹಿಂದಿನ ವಾರವೇ ನೀವು ಅವ್ವನಿಗೂ ಅಣ್ಣನಿಗೂ ಜೋರಾಗಿ ಹೇಳಿದ್ದಿರಿ, ಶುಗರ್ ಇದ್ದವರು ಉಪವಾಸ ಕೂತರೆ ಕಾವೇರಮ್ಮ ಬಂದು ಗ್ಲೂಕೋಸ್ ಏರಿಸುವುದಿಲ್ಲ ಅಂತ. ಅಣ್ಣನಿಗೆ ಆ ಮಾತು ಚುಚ್ಚಿ ಕೂತಿತ್ತು. ಅದರ ಮೇಲೆ ನೀವೋ, ತೀರ್ಥಪ್ರಸಾದ್ ಅಂತ ಹೆಸರಿಟ್ಟುಕೊಂಡು, ತೀರ್ಥದ ದಿನವೇ ಸಿದ್ದಾಪುರದ ಎಸ್ಟೇಟ್ ಕೂಲಿ ಲೈನಿನ ಮಕ್ಕಳಿಗೆ ಪವಾಡ ಬಯಲು ಮಾಡಲು ಹೊರಟಿರಿ! ಬೇರೆ ದಿನ ಸಿಗಲಿಲ್ಲವಾ ನಿಮಗೆ? ಮಕ್ಕಳಿಗೆ ರಜೆ ಇರುವುದೇ ಅವತ್ತು ಅಂದಿರಿ. ಹೊರಡುವಾಗ ನನ್ನ ಬ್ಯಾಗಿಗೆ ನಿಮ್ಮ ಸ್ವೆಟರ್ ತುರುಕಿ, ತಲಕಾವೇರಿಯಲ್ಲಿ ಚಳಿ, ನನ್ನ ಪಾಲಿನದ್ದನ್ನೂ ನೀನೇ ಮುಳುಗಿ ಬಾ ಅಂತ ನಕ್ಕಿರಿ. ನನ್ನ ನಂಬಿಕೆಯನ್ನು ನೀವು ತಮಾಷೆ ಮಾಡಿದಿರೇ ಹೊರತು ಒಂದು ದಿನವೂ ತಡೆಯಲಿಲ್ಲ. ಅದು ನನಗೆ ಈಗ ನೆನಪಾಗುತ್ತದೆ, ಆಗ ನೆನಪಾಗಬೇಕಿತ್ತು.

ನಾನು ಶುಗರ್ ನೋಡಿದೆ, ಹದಿನಾಲ್ಕು ಯೂನಿಟ್ ಕೊಟ್ಟೆ. ಅವ್ವ ಬೇಡ ಅಂದಳು. ಮದ್ದಿಗೆ ವ್ರತ ಇಲ್ಲ ಅಂತ ನಿಮ್ಮದೇ ಮಾತು ಹೇಳಿ ಗದರಿಸಿದೆ. ಎರಡು ಅಕ್ಕಿ ರೊಟ್ಟಿ, ಚಟ್ನಿ ಹಾಕಿ ತಟ್ಟೆ ಅವಳ ಮಂಚದ ಹತ್ತಿರ ಇಟ್ಟು ಸೀರೆ ಉಡಲು ಹೋದೆ. ಬಂದು ನೋಡಿದರೆ ತಟ್ಟೆ ಖಾಲಿ. ಅಬ್ಬ, ತಿಂದಳು ಅಂದುಕೊಂಡೆ. ತಲಕಾವೇರಿಗೆ ಹೊರಟ ಗಿರಿಯ ಜೀಪು ಗೇಟಿನಲ್ಲಿ ನಿಂತಿತ್ತು. ಹೊರಟುಬಿಟ್ಟೆ.

ಹನ್ನೊಂದಕ್ಕೆ ಕೆಂಚಿ ಕೆಲಸಕ್ಕೆ ಬಂದಾಗ ಅವ್ವನಿಗೆ ಜ್ಞಾನ ಇರಲಿಲ್ಲ. ಅಲ್ಲಿ ಮೇಲೆ ಆ ಜನದಲ್ಲಿ ನನ್ನ ಫೋನಿಗೆ ಸಿಗ್ನಲ್ಲೂ ಇರಲಿಲ್ಲ. ಕುಂಡಿಕೆಯಲ್ಲಿ ತೀರ್ಥ ಉಕ್ಕಿತು ಅಂತ ಎಲ್ಲರೂ ಕೂಗುವಾಗ ನಾನೂ ಕೈ ಎತ್ತಿ ಕೂಗುತ್ತಿದ್ದೆ, ನಮ್ಮ ಅವ್ವನನ್ನು ಚೆನ್ನಾಗಿಡು ಅಂತ. ಬಾಟಲಿಯಲ್ಲಿ ತಂದ ತೀರ್ಥವನ್ನು ಮೂರನೆಯ ದಿನ ಆಸ್ಪತ್ರೆಯಲ್ಲಿ ಅವಳ ತುಟಿಗೆ ಬಿಟ್ಟೆ. ಒಳಗೆ ಹೋಗಲಿಲ್ಲ, ಕೆನ್ನೆಯ ಮೇಲೆ ಇಳಿದು ದಿಂಬು ಒದ್ದೆಯಾಯಿತು.

ಖಾಲಿ ಹೊಟ್ಟೆಗೆ ಇನ್ಸುಲಿನ್ ಕೊಟ್ಟವರು ಯಾರು ಅಂತ ಡಾಕ್ಟರು ಕೇಳಿದಾಗ, ಬಸ್ಸಿಗೆ ಹೋಗುವ ಮೊದಲು ನೀವೇ ಕೊಟ್ಟಿರಬೇಕು ಅಂತ ಎಲ್ಲರೂ ನಿಮ್ಮ ಮುಖ ನೋಡಿದರು. ನಾನು ಬಾಯಿ ತೆರೆದೆ, ಆಣೆಗೂ ತೆರೆದೆ. ಅಷ್ಟರಲ್ಲಿ ಅಣ್ಣ ನಿಮ್ಮ ಕಾಲರ್ ಹಿಡಿದಿದ್ದ. ನನ್ನ ನಾಲಗೆ ಬಿದ್ದುಹೋಯಿತು. ಇವತ್ತು ಬೇಡ, ನಾಳೆ ಹೇಳುತ್ತೇನೆ ಅಂದುಕೊಂಡೆ. ನಾಳೆ ಅವ್ವ ಹೋದಳು.

ಸೂತಕ ಕಳೆದ ಮರುದಿನ ಅಣ್ಣ ನಮ್ಮ ಮನೆತನದ ಐನ್‌ಮನೆಯ ಕನ್ನಿಕಂಬದ ಬುಡದಲ್ಲಿ ದೀಪ ಹಚ್ಚಿಸಿದ. ಹಿರಿಯರು ನಿಂತ ಕಂಬ ಅದು, ಅದನ್ನು ಮುಟ್ಟಿ ಸುಳ್ಳು ಹೇಳಿದವರು ನಮ್ಮಲ್ಲಿ ಯಾರೂ ಇಲ್ಲ. ಸೂಜಿ ನಾನು ಕೊಟ್ಟಿಲ್ಲ ಅಂತ ಒಬ್ಬೊಬ್ಬರಾಗಿ ಮುಟ್ಟಿ ಹೇಳಬೇಕು. ಅಣ್ಣ ಹೇಳಿದ. ಯಮುನ ಅತ್ತಿಗೆ ಹೇಳಿದಳು. ಆಮೇಲೆ ನೀವು. ನಿಮ್ಮ ನಂತರ ನಾನು.

ಮುಟ್ಟಿ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಸುಳ್ಳು ಹೇಳಿದ್ದರೆ ಆ ಭಯದಲ್ಲೇ ಸತ್ತುಹೋಗುತ್ತಿದ್ದೆ. ನೀವು ಕೈ ಕಟ್ಟಿ ನಿಂತಿರಿ. ಮರದ ಕಂಬಕ್ಕೆ ನಾನು ಉತ್ತರ ಕೊಡುವುದಿಲ್ಲ ಅಂದಿರಿ. ಹಾಗಾದರೆ ಕಂಬ ಬೇಡ, ಬಾಯಲ್ಲಿ ಹೇಳು, ಕೊಟ್ಟಿದ್ದೀಯೋ ಇಲ್ಲವೋ ಅಂತ ಅಣ್ಣ ಕೇಳಿದ. ಅದಕ್ಕೂ ಹೇಳುವುದಿಲ್ಲ ಅಂದಿರಿ. ಅಣ್ಣ ದೀಪದ ಬತ್ತಿ ಇಳಿಸಿ ಇನ್ನು ಯಾರೂ ಮುಟ್ಟುವುದು ಬೇಡ, ತಿಳಿಯಿತು ಅಂದ. ನನ್ನ ಸರದಿ ಬರಲೇ ಇಲ್ಲ.

ನಾಲ್ಕು ವರ್ಷ ನಾನು ಅದನ್ನು ನಿಮ್ಮ ಹಮ್ಮು ಅಂದುಕೊಂಡೆ ಮೇಷ್ಟ್ರೇ. ನಾಸ್ತಿಕತನದ ಹಮ್ಮು. ನಿಜವಾಗಿಯೂ ಹಮ್ಮಾಗಿದ್ದರೆ ಕಂಬ ಮುಟ್ಟದೆ, ನಾನು ಕೊಟ್ಟಿಲ್ಲ, ನಂಬಿದರೆ ನಂಬಿ ಬಿಟ್ಟರೆ ಬಿಡಿ ಅಂತ ಎದೆ ಸೆಟೆಸಿ ಹೇಳುತ್ತಿದ್ದಿರಿ. ಅಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಹೊಳೆಯದ ಹಾಗೆ ನಾನೇ ನೋಡಿಕೊಂಡೆನೋ ಏನೋ. ನನ್ನ ದೇವರ ಮುಂದೆ ನಾನು ಸುಳ್ಳಿ ಆಗಬಾರದು ಅಂತ, ಆ ದೇವರನ್ನು ನಂಬದ ನೀವು ಅಡ್ಡ ನಿಂತಿರಿ. ನಾನು ಅದೇ ವಾರ ಅಡುಗೆಮನೆಯಲ್ಲಿ ನಿಮಗೆ ಹೇಳಿದ ಮಾತು ನೆನೆದರೆ ಥೂ ಅನಿಸುತ್ತದೆ. ನಂಬಿಕೆ ಇಲ್ಲದವರಿಗೆ ಕರುಣೆಯೂ ಇರುವುದಿಲ್ಲ ಅಂದೆ. ನೀವು ತಿನ್ನುತ್ತಿದ್ದ ತಟ್ಟೆ ತೊಳೆದಿಟ್ಟು, ಎರಡು ಜೊತೆ ಬಟ್ಟೆ ತೆಗೆದುಕೊಂಡು ಹೋದಿರಿ. ಆ ಮೇಲೆ ಮದುವೆ, ಸಾವು, ಯಾವುದಕ್ಕೂ ನಿಮ್ಮನ್ನು ಕರೆಯಲಿಲ್ಲ. ಅತ್ತೆಯನ್ನು ಸೂಜಿ ಚುಚ್ಚಿ ಕೊಂದವನು ಅಂತ ನಿಮ್ಮ ಶಾಲೆಯ ತನಕ ಸುದ್ದಿ ಹೋಯಿತು. ನಾನು ಇಲ್ಲಿ ದಿನಾ ಮುಸ್ಸಂಜೆ ದೀಪ ಹಚ್ಚಿಕೊಂಡು ಇದ್ದೆ.

ದೀಪಕ್ಕೆ ಎಲ್ಲ ಗೊತ್ತಿರುತ್ತದೆ ಅಂತ ಚಿಕ್ಕಂದಿನಿಂದ ನಂಬಿದವಳು ನಾನು. ಗೊತ್ತಿತ್ತೋ ಇಲ್ಲವೋ, ಅದು ಏನೂ ಹೇಳಲಿಲ್ಲ. ಬೆಂಕಿಪೊಟ್ಟಣದಷ್ಟು ಮಿಷನ್ನು ಒಂದು ಸೆಲ್ ಹಾಕಿದ ಕೂಡಲೇ ಹೇಳಿತು. ನೀವು ಗೆದ್ದಿರಿ ಅಂತ ಬರೆಯುತ್ತಿಲ್ಲ. ಈಗಲೂ ದೀಪ ಹಚ್ಚುತ್ತೇನೆ, ಬಿಡಲು ಆಗುವುದಿಲ್ಲ. ಆದರೆ ಹಚ್ಚುವಾಗ ಮುಂಚಿನ ಹಾಗೆ ಕಣ್ಣು ಮುಚ್ಚುವುದಿಲ್ಲ. ಮುಚ್ಚಿದರೆ ಅವ್ವನ ಕೆನ್ನೆಯ ಮೇಲೆ ಇಳಿದ ಆ ನೀರು ಕಾಣುತ್ತದೆ.

ಮೊನ್ನೆ ಶುಕ್ರವಾರ, ಸಂಕ್ರಮಣದ ದಿನ, ಎಲ್ಲರೂ ಐನ್‌ಮನೆಯಲ್ಲಿ ಸೇರಿದ್ದರು. ಅಣ್ಣ ದೀಪ ಹಚ್ಚಿ ಹಿರಿಯರಿಗೆ ಅಕ್ಕಿ ಹಾಕಿದ ಮೇಲೆ ನಾನು ಹೋಗಿ ಕಂಬ ಮುಟ್ಟಿದೆ. ನಾಲ್ಕು ವರ್ಷದ ಹಿಂದೆ ನನ್ನ ಸರದಿ ಬಾಕಿ ಉಳಿದಿತ್ತು, ಇವತ್ತು ಮುಗಿಸುತ್ತೇನೆ ಅಂದೆ. ಸೂಜಿ ಕೊಟ್ಟವಳು ನಾನು ಅಂದೆ. ಮಿಷನ್ನು ತೆಗೆದು ಅಣ್ಣನ ಕೈಯಲ್ಲಿಟ್ಟೆ. ಅವನಿಗೆ ಅದನ್ನು ಓದಲು ಬರಲಿಲ್ಲ, ಅವನ ಮಗಳು ಕವನಾ ಓದಿ ಹೇಳಿದಳು. ಅಣ್ಣ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅವ್ವ ಹೋದಾಗಲೂ ನೋಡಿರಲಿಲ್ಲ. ನನ್ನ ಮೇಲೆ ಕೈ ಎತ್ತುತ್ತಾನೆ ಅಂದುಕೊಂಡಿದ್ದೆ. ಎತ್ತಲಿಲ್ಲ. ಅತ್ತಿಗೆ ನನ್ನನ್ನು ತಬ್ಬಿಕೊಂಡು, ತಟ್ಟೆ ಖಾಲಿ ಇದ್ದರೆ ಯಾರಾದರೂ ತಿಂದಿದ್ದಾರೆ ಅಂತಲೇ ತಿಳಿಯುತ್ತಾರೆ, ಇದು ಅರಿಯದೆ ಆದದ್ದು ಅಂದಳು. ಎಲ್ಲರೂ ಅದನ್ನೇ ಅಂದರು. ಕ್ಷಮೆ ಇಷ್ಟು ಸುಲಭವಾಗಿ ಸಿಗುತ್ತಿತ್ತು ಅಂತ ಗೊತ್ತಿದ್ದರೆ ನಿಮ್ಮ ನಾಲ್ಕು ವರ್ಷ ಉಳಿಯುತ್ತಿತ್ತು.

ಅಣ್ಣ ಬರುವ ಭಾನುವಾರ ನಿಮ್ಮ ರೂಮಿಗೆ ಬರುತ್ತಾನೆ, ಕೈ ಮುಗಿಯಲು. ಎದುರಿಗೇ ಬಂದು ನಿಂತರೆ ನಿಮಗೆ ಗಾಬರಿಯಾದೀತು ಅಂತ ಮುಂಚೆ ತಿಳಿಸುತ್ತಿದ್ದೇನೆ. ಬಾಗಿಲು ಹಾಕಿಕೊಳ್ಳಬೇಡಿ. ಬೈಯುವುದಿದ್ದರೆ ಬೈಯಿರಿ, ಬೈಸಿಕೊಂಡರೆ ಅವನಿಗೂ ಹಗುರವಾಗುತ್ತದೆ. ನಿಮ್ಮ ಶಾಲೆಗೂ ಹೋಗಿ ಎಲ್ಲರ ಎದುರು ಹೇಳುತ್ತಾನಂತೆ, ನಾನೇ ಹೇಳಿಸಿದ್ದೇನೆ.

ನೀವು ಮನೆಗೆ ಬನ್ನಿ ಅಂತ ಈ ಕಾಗದದಲ್ಲಿ ಬರೆಯುವುದಿಲ್ಲ. ಆಸೆ ಇಲ್ಲ ಅಂತಲ್ಲ, ಆಸೆ ತುಂಬಾ ಇದೆ. ಕೇಳುವ ಯೋಗ್ಯತೆ ಇಲ್ಲ. ಪೆಟ್ಟಿಗೆಯನ್ನು ಅಣ್ಣನ ಕೈಯಲ್ಲಿ ಕಳಿಸುತ್ತೇನೆ, ಮಕ್ಕಳಿಗೆ ಬೇಕಾದೀತು. ಸ್ವೆಟರ್ ಕಳಿಸುವುದಿಲ್ಲ, ಅದು ನನ್ನ ಹತ್ತಿರ ಇರಲಿ.

ನಿಮ್ಮ ಸರದಿಯ ನಂತರ ನಿಂತಿದ್ದವಳು,
ತುಳಸಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬಾರದ್ದು. ತಟ್ಟೆ ಖಾಲಿ ಇದ್ದದ್ದು ನಿಜ. ಆದರೆ ಮಂಚದ ಕೆಳಗಿಂದ ಟೈಗರ್ ಬಾಯಿ ನೆಕ್ಕುತ್ತಾ ಎದ್ದು ಬಂದದ್ದನ್ನೂ ನೋಡಿದ್ದೆ. ಅವ್ವ ನನ್ನ ಮುಖ ನೋಡಿದಳು, ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ, ಬಿಡೇ ಇವತ್ತೊಂದು ದಿನ ಅಂತ ಕೈಸನ್ನೆ ಮಾಡಿದಳು. ಸೂಜಿಯಾದ ಅರ್ಧ ಗಂಟೆಯೊಳಗೆ ತಿನ್ನಲೇಬೇಕು ಅಂತ ನೀವು ನೂರು ಸಲ ಹೇಳಿದ್ದು ತಲೆಯಲ್ಲಿತ್ತು. ಗಿರಿ ಎರಡು ಸಲ ಹಾರ್ನ್ ಮಾಡಿದ. ತೀರ್ಥದ ದಿನ, ಕಾವೇರಮ್ಮ ನೋಡಿಕೊಳ್ಳುತ್ತಾಳೆ ಅಂದುಕೊಂಡು ಹೋಗಿ ಜೀಪು ಹತ್ತಿದೆ. ಮೊನ್ನೆ ಕಂಬ ಮುಟ್ಟಿದಾಗಲೂ ಇದನ್ನು ಹೇಳಲಿಲ್ಲ, ತಟ್ಟೆ ಖಾಲಿ ಇತ್ತು ಅಂತ ಅಷ್ಟೇ ಹೇಳಿದೆ. ದೇವರ ಮುಂದೆ ಹೇಳಲಾರದ್ದನ್ನು ನಿಮ್ಮ ಮುಂದೆ ಹೇಳಿದ್ದೇನೆ. ಭಾನುವಾರ ಅಣ್ಣ ಬಂದಾಗ ಈ ಹಾಳೆ ಅವನಿಗೆ ಓದಲು ಕೊಡಿ. ಈ ಸಲ ನನ್ನನ್ನು ಕಾಪಾಡಬೇಡಿ ಮೇಷ್ಟ್ರೇ.