ಬೊಂಬಾಯಿಗೆ ಕಟ್ಟಿಕೊಟ್ಟ ಕರ್ಜಿಕಾಯಿ

ಹೊನ್ನಾಳಿ
ತಾ. 14-11-1988, ಸೋಮವಾರ

ಚಿರಂಜೀವಿ ತಮ್ಮ ಹಾಲಸ್ವಾಮಿಗೆ,

ನಿನ್ನ ಅಕ್ಕ ಶಂಕ್ರಮ್ಮನ ಆಶೀರ್ವಾದ. ಇಲ್ಲಿ ನಾವೆಲ್ಲ ಉಂಡುಕೊಂಡು, ಆಗೀಗ ಜಗಳ ಆಡಿಕೊಂಡು ಚೆನ್ನಾಗಿದ್ದೀವಿ. ನೀನು ಜಗಳೂರಲ್ಲಿ ಹೊತ್ತಿಗೆ ಸರಿಯಾಗಿ ಉಣ್ತೀಯೋ ಇಲ್ಲವೋ ನನಗೆ ಗೊತ್ತಾಗೋದಾದ್ರೂ ಹೆಂಗೆ? ದಸರೆ ಮುಂದೆ ನಿನ್ನ ಕಾರ್ಡು ಬಂತು. ನಾಲ್ಕೇ ಸಾಲು. "ಪಾಲಣ್ಣನ ವರ್ಕ್‌ಶಾಪಿನಲ್ಲಿ ಕೆಲಸ ಐತೆ. ಆರೋಗ್ಯ ಐತೆ. ಹಬ್ಬಕ್ಕೆ ಬರಾಕೆ ಆಗಲ್ಲ. ದಾರಿ ಕಾಯಬೇಡ." ಲೋ, ಅರ್ಧ ಕಾರ್ಡು ಖಾಲಿ ಬಿಟ್ಟಿದ್ದೀಯಲ್ಲ, ಅಲ್ಲಿ ಮಕ್ಕಳು ಹೆಂಗಿದಾವೆ ಅಂತ ಒಂದು ಮಾತು ಕೇಳಿದ್ರೆ ಪೋಸ್ಟಿನೋರು ಬೇರೆ ಸ್ಟಾಂಪು ಹಚ್ಚು ಅಂತಿದ್ರಾ? ಮೂರು ವರ್ಷ ಆತು ಕಣೋ, ನೀನು ಈ ಹೊಸಿಲು ತುಳಿದು.

ಉತ್ತರ ತಡ ಆತು, ಬೈಕೋಬೇಡ. ನಾನು ಬೇಕಂತಲೇ ತಡ ಮಾಡಿದೆ. ಬೊಂಬಾಯಿಂದ ಒಂದು ಕಾಗದ ಬರೋದಿತ್ತು, ಅದರ ಒಳ್ಳೆ ಸುದ್ದಿ ಸೇರಿಸಿಯೇ ಬರೆಯೋಣ ಅಂತ ಕಾಯ್ತಿದ್ದೆ. ದೀಪಾವಳಿ ಹಿಂದಿನ ದಿನ ಬಂತು. ಸುದ್ದಿ ಒಳ್ಳೇದಲ್ಲ. ಆದ್ರೂ ಎಲ್ಲ ಮೊದಲಿಂದ ಹೇಳ್ತೀನಿ, ಅರ್ಧಕ್ಕೆ ಹರಿದು ಒಗೀಬೇಡ.

ಇಲ್ಲಿ ಆಸ್ಪತ್ರೆಗೆ ಹೊಸ ಡಾಕ್ಟರು ಬಂದಾರೆ, ತಿಪ್ಪೇರುದ್ರಸ್ವಾಮಿ ಅಂತ. ಈಗ ನೀನಿರೋ ಜಗಳೂರು ಕಡೆಯೋರೇ. ನಿಮ್ಮ ಭಾವನ ಮಂಡಿನೋವು ವಾಸಿ ಮಾಡಿದ್ರು ಅಂತ ಗಣಪತಿ ಹಬ್ಬಕ್ಕೆ ಊಟಕ್ಕೆ ಕರೆದಿದ್ವಿ. ಎಲೆಗೆ ಎರಡು ಕರ್ಜಿಕಾಯಿ ಹಾಕಿದೆ. ಮುರಿದು ನೋಡಿ ನಕ್ಕರು. "ಏನ್ರೀ ಅಕ್ಕಾರೆ, ಈ ಪಾಟಿ ಗಸಗಸೆ ತುಂಬೀರಲ್ರೀ! ಇದನ್ನ ತಿಂದು ಫಾರಿನ್ ಕಂಪನಿಯೋರ ಮುಂದೆ ಮೂತ್ರ ಪರೀಕ್ಷೆಗೆ ನಿಂತ್ರೆ, ಅಫೀಮು ತಿಂದಾನೆ ಅಂತ ಬರೆದು ಮನೆಗೆ ಕಳಿಸ್ತಾರೆ" ಅಂದ್ರು.

ನನ್ನ ಕೈಲಿದ್ದ ತುಪ್ಪದ ಗಿಂಡಿ ಜಾರಿ ಅವರ ಎಲೆ ಮೇಲೇ ಬಿತ್ತು. ಪಾಪ, ಆ ಡಾಕ್ಟರಿಗೆ ತಾನು ಏನು ತಪ್ಪು ಮಾತಾಡಿದೆ ಅಂತಲೇ ಗೊತ್ತಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದ್ರು. ಗಸಗಸೆ ಅಂದ್ರೆ ಅಫೀಮಿನ ಗಿಡದ ಬೀಜವೇ ಅಂತೆ. ತಿಂದೋರಿಗೆ ಅಮಲು ಏನೂ ಆಗಲ್ಲ, ಆದ್ರೆ ಒಂದೆರಡು ದಿನ ಮೂತ್ರದಲ್ಲಿ ಅದರ ಅಂಶ ಕಾಣ್ತದಂತೆ. ಮಾರನೇ ದಿನ ಯಾವುದೋ ದಪ್ಪನೆ ಪುಸ್ತಕ ತಂದು ಆ ಹಾಳೆ ತೋರಿಸಿದ್ರು. ಇಂಗ್ಲಿಷು ನನಗೇನು ತಿಳೀತದೆ, ಸುಮ್ಮನೆ ಆ ಹಾಳೆ ಕಣ್ಣಿಗೆ ಒತ್ತಿಕೊಂಡು ಅತ್ತೆ.

ಹಾಲೂ, ಆವತ್ತು ಕರ್ಜಿಕಾಯಿ ಮಾಡಿದ್ದು ನಾನು ಕಣೋ.

ನೆನಪೈತಾ, ಎಂಬತ್ತೈದನೇ ಇಸವಿ, ಶಿವರಾತ್ರಿ ಕಳೆದು ಬಿಸಿಲು ಏರ್ತಿತ್ತು. ಅರಬರ ದೇಶದ ಎಣ್ಣೆ ಕಂಪನಿಗೆ ವೆಲ್ಡರ್ ಬೇಕು ಅಂತ ಬೊಂಬಾಯಿ ಏಜೆಂಟು ನಿನ್ನ ಕೈಕೆಲಸ ನೋಡಿ ಪಾಸ್ ಮಾಡಿದ್ದ, ಮೆಡಿಕಲ್ ಒಂದು ಬಾಕಿ ಇತ್ತು. ನಿನ್ನದು ಮೊದಲಿಂದ ಉಷ್ಣದ ಮೈ. ಬೊಂಬಾಯಿ ಶೆಕೆಗೆ ಮೈ ತಂಪಿರಲಿ ಅಂತ ಕೊಬ್ಬರಿ ಕಮ್ಮಿ ಮಾಡಿ ಗಸಗಸೆಯೇ ಜಾಸ್ತಿ ಹುರಿದು ತುಂಬಿದೆ. ಅವ್ವ ಸತ್ತಾಗ ನಿನಗೆ ಐದು ವರ್ಷ. ನಾನು ಮದುವೆಯಾಗಿ ಕತ್ತಲಗೆರೆಯಿಂದ ಈ ಊರಿಗೆ ಬರೋವಾಗ ನಿನ್ನನ್ನ ಸೊಂಟದ ಮೇಲೆ ಹೊತ್ತುಕೊಂಡೇ ಬಂದೆ. ಹೊಳೆಗೆ ಬಟ್ಟೆ ಒಗೆಯಾಕೆ ಹೋದ್ರೆ ನನ್ನ ಸೆರಗು ಹಿಡಿದೇ ನೀರಿಗೆ ಇಳೀತಿದ್ದೆ. ನಾನು ಪಾಯಸಕ್ಕೆ ಗಸಗಸೆ ರುಬ್ಬಾಕೆ ಕುಂತ್ರೆ ಒರಳಿನ ಪಕ್ಕ ಬಂದು ಕುಂತು, ಬೆರಳಲ್ಲಿ ಬಳಿದು ನೆಕ್ಕಿ, ಮೂಗಿಗೆಲ್ಲ ಬೆಳ್ಳಗೆ ಮೆತ್ತಿಕೊಳ್ತಿದ್ದೆ. ಎಷ್ಟು ಬೈದ್ರೂ ಏಳ್ತಿರಲಿಲ್ಲ. ಆ ದಿನಗಳೇ ಚೆಂದ ಇದ್ವು ಕಣೋ, ಈಗ ಒರಳಿನ ಮುಂದೆ ಕುಂತ್ರೆ ಪಕ್ಕದ ಜಾಗ ನೋಡಾಕೆ ಆಗಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿ ಕೈಗಿಟ್ಟು, "ಹೋಟೆಲಿನದು ಮುಟ್ಟಬೇಡ, ಇದನ್ನೇ ತಿನ್ನು, ನನ್ನಾಣೆ" ಅಂದೆ. ನೀನು ಮೂರು ದಿನ ಅದನ್ನೇ ತಿಂದೆ, ಮೆಡಿಕಲ್ಲಿಗೆ ಹೋಗೋ ದಿನ ಬೆಳಗ್ಗೆನೂ ನಾಲ್ಕು ತಿಂದು ಹೋದೆ. ನೀನೇ ಹೇಳಿದ್ದು, "ಬಾಗಿಲಲ್ಲಿ ಒಬ್ಬ ನೋಡ್ತಾ ನಿಂತಿದ್ದ ಅಕ್ಕಾ, ನಾಚಿಕೆಯಾತು, ಹೆಂಗೋ ಬಾಟ್ಲಿಗೆ ಹಿಡಿದುಕೊಟ್ಟೆ" ಅಂತ. ಹುಟ್ಟಿದಾಗಿಂದ ನನ್ನ ಒಂದು ಮಾತು ಕೇಳಿದೋನಲ್ಲ, ಆವತ್ತೇ ಕೇಳಬೇಕಿತ್ತೇನೋ ನಿನಗೆ?

ಆಮೇಲೆ ಬೊಂಬಾಯಿಂದ ಬಂದ ಆ ದರಿದ್ರ ಇಂಗ್ಲಿಷ್ ಕಾಗದ! ಸ್ಕೂಲಿನ ಮೇಷ್ಟ್ರು ನಮ್ಮ ಜಗಲಿ ಮೇಲೆ ಓದಿದ್ರು, ಒಂದು ಶಬ್ದ ತಿಳೀಲಿಲ್ಲ ಅಂತ ಮನೆಗೆ ಹೋಗಿ ಡಿಕ್ಷನರಿ ತಂದ್ರು, ಕನ್ನಡಕ ಒರೆಸಿಕೊಂಡು "ಅಫೀಮು" ಅಂದ್ರು. ನಲ್ಲಿ ಹತ್ರ ಇಡೀ ಬೀದಿ ನಿಂತಿತ್ತು. ಸಂಜೆಗೆ ನಿನ್ನ ಕಣ್ಣಿನ ಸುದ್ದಿ ಶುರುವಾತು, "ನೋಡ್ರಿ, ಯಾವಾಗಲೂ ಕೆಂಪಗೇ ಇರ್ತಾವೆ" ಅಂತ. ವೆಲ್ಡಿಂಗ್ ಬೆಳಕಿಗೆ ಕಣ್ಣು ಉರೀತಾವೆ ಅಂತ ಹಾಲಲ್ಲಿ ಅದ್ದಿದ ಹತ್ತಿ ಇಡ್ತಿದ್ದೋಳು ನಾನು. ನನಗೆ ಗೊತ್ತಿತ್ತು. ಆದ್ರೂ ಆವತ್ತು ಬಾಯಿ ಬಿಡಲಿಲ್ಲ.

ನ್ಯಾಮತಿಯ ಅನ್ನಪೂರ್ಣಮ್ಮನ ಮಗಳು ಪ್ರೇಮನ ಜೊತೆ ನಿನ್ನ ಮದುವೆ ಮಾತುಕತೆ ಮುಗಿದು ವೀಳ್ಯ ಆಗಿತ್ತು. ಒಂದೇ ವಾರಕ್ಕೆ ಅವರು ಬೇಡ ಅಂದ್ರು. ನೀನು ಟ್ರಂಕು ಎತ್ತಿಕೊಂಡು ಜಗಳೂರಿಗೆ ಹೊರಟೆ. ಆಮೇಲೆ ಹರಿಹರದ ಕಾರ್ಖಾನೆಯಿಂದ ಇಂಟರ್‌ವ್ಯೂ ಕಾರ್ಡು ಬಂದಾಗ, ನಿಮ್ಮ ಭಾವ ಜಗಳೂರಿನತನಕ ತಂದುಕೊಟ್ರೆ, ಅದರಲ್ಲಿ ಮೆಡಿಕಲ್ ಅನ್ನೋ ಶಬ್ದ ನೋಡಿ ಅವರ ಮುಂದೇ ಹರಿದೆಯಂತೆ. ಕೈಯಲ್ಲಿ ಅಂಥ ಕೆಲಸ ಇಟ್ಟುಕೊಂಡು ಕಿಟಕಿ ಸರಳು ಬೆಸೀತಾ ಕುಂತಿದ್ದೀಯ.

ಡಾಕ್ಟರು ತಮ್ಮ ಲೆಟರ್ ಹೆಡ್ಡಿನ ಮೇಲೆ ಎಲ್ಲ ಬರೆದು ಸೀಲು ಹಾಕಿಕೊಟ್ರು. ಬೊಂಬಾಯಿಗೆ ರಿಜಿಸ್ಟರ್ ಮಾಡಿದ್ವಿ. ಅದಕ್ಕೇ ನಾನು ಕಾಯ್ತಿದ್ದುದು. ಏಜೆಂಟನ ಉತ್ತರ ಎರಡು ಸಾಲು: ಒಂದು ಸಲ ಮೆಡಿಕಲ್‌ನಲ್ಲಿ ಫೇಲಾದೋರ ಹೆಸರು ಕಂಪನಿ ಮತ್ತೆ ತಗೊಳ್ಳಲ್ಲ, ಕಾರಣ ಏನೇ ಇರಲಿ. ಅಷ್ಟೇ. ನಿಮ್ಮ ಭಾವ ಓದಿ ಮಡಿಚಿಟ್ರು. ಅವನ ಕಂಪನಿ ಹಾಳಾಗಿ ಹೋಗಲಿ! ಡಾಕ್ಟರ ಪತ್ರದ ಇನ್ನೊಂದು ಪ್ರತಿ ಇದರೊಳಗೆ ಇಟ್ಟೀನಿ. ಇನ್ನು ಎಲ್ಲಿ ಅರ್ಜಿ ಹಾಕಿದ್ರೂ ಇದನ್ನ ಜೊತೆಗೆ ಹಚ್ಚು, ಯಾರ ಮುಂದೂ ತಲೆ ಬಗ್ಗಿಸಬೇಡ ಅಂತ ಡಾಕ್ಟರು ಹೇಳಾರೆ.

ಊರಿನ ಬಾಯಿ ಮಾತ್ರ ನಾನು ಮುಚ್ಚಿಸೀನಿ. ಎದುರುಮನೆ ಕಸ್ತೂರಮ್ಮ ಗೊತ್ತಲ್ಲ, ನಲ್ಲಿ ಹತ್ರ ಎಲ್ಲರಿಗಿಂತ ಜೋರಾಗಿ ಆಡಿಕೊಂಡೋಳು. ಒಂದು ತಟ್ಟೆ ಕರ್ಜಿಕಾಯಿ ಒಯ್ದು ಕೊಟ್ಟೆ. "ಎಷ್ಟು ದಿನ ಆಗಿತ್ತೇ ಶಂಕ್ರಮ್ಮ, ನಿನ್ನ ಕೈದು ತಿಂದು" ಅಂತ ಮೂರು ತಿಂದಳು. "ಈಗ ನೀನೂ ಅಫೀಮು ತಿಂದೋಳೇ, ನಡಿ, ಬಾಟ್ಲಿ ತಂದೀನಿ" ಅಂದೆ. ಕಣ್ಣು ಕಣ್ಣು ಬಿಟ್ಟಳು. ಆಮೇಲೆ ವಿಷಯ ಎಲ್ಲ ಹೇಳಿದೆ. ಅಳ್ತಾ ಕುಂತಳು ಕಣೋ, "ಆ ಹುಡುಗನ ಹೊಟ್ಟೆ ಉರಿಸಿದ್ನಲ್ಲೇ" ಅಂತ. ಈಗ ಬೀದಿಗೆಲ್ಲ ಅವಳೇ ಡಂಗುರ ಹೊಡೀತಾಳೆ, ನಿನ್ನ ತಪ್ಪಿಲ್ಲ ಅಂತ. ಮೇಷ್ಟ್ರು ಕೂಡ ಮನೆತನಕ ಬಂದು, "ನಾನು ಆವತ್ತು ಜಗಲಿ ಮೇಲೆ ಓದಬಾರದಿತ್ತಮ್ಮ" ಅಂದ್ರು.

ಸಂಕ್ರಾಂತಿಗೆ ಬಾರೋ. ಮಕ್ಕಳು ಮಾವ ಎಲ್ಲಿ ಅಂತಾವೆ. ನಿಮ್ಮ ಭಾವ ಬಾಯಿಬಿಟ್ಟು ಹೇಳಲ್ಲ, ಜಗಳೂರು ಬಸ್ಸು ಬರೋ ಹೊತ್ತಿಗೆ ಏನೋ ಕೆಲಸ ಐತೆ ಅಂತ ಸ್ಟ್ಯಾಂಡಿನ ಕಡೆ ಹೋಗಿ ಬರ್ತಾರೆ. ದೇವರು ನಿನ್ನ ಕೈಗೆ ತಕ್ಕ ಕೆಲಸ ಕೊಡಲಿ, ನಿನ್ನ ಕಣ್ಣು ತಂಪಾಗಿರಲಿ, ನೂರು ವರ್ಷ ಬಾಳು.

ಇಂತಿ ನಿನ್ನ ಅಕ್ಕ,
ಶಂಕ್ರಮ್ಮ

ಕಾಗದ ಮಡಿಚಿ ಇಟ್ಟಿದ್ದೆ, ಮತ್ತೆ ಬಿಚ್ಚಿ ಬರೀತಿದ್ದೀನಿ. ನ್ಯಾಮತಿಗೆ ಸುದ್ದಿ ಮುಟ್ಟಿಸಿದ್ದು ಕಸ್ತೂರಮ್ಮ ಅಂತ ನೀನು ತಿಳ್ಕೊಂಡೀಯ. ಅವಳಲ್ಲ. ನಾನು. ಮೇಷ್ಟ್ರು ಕಾಗದ ಓದಿದ ಮಾರನೇ ದಿನ, ಸಂತೆಗೆ ಹೋಗ್ತೀನಿ ಅಂತ ಸುಳ್ಳು ಹೇಳಿ ಎಂಟು ಗಂಟೆ ಬಸ್ಸು ಹತ್ತಿದೆ. ಒಂದು ಹೆಣ್ಣಿನ ಬಾಳು ಹಾಳಾಗಬಾರದು ಅಂತ ನನ್ನ ಬಾಯಿಂದಲೇ ಅನ್ನಪೂರ್ಣಮ್ಮನಿಗೆ ಹೇಳಿದೆ, "ನಮ್ಮ ಹುಡುಗನಿಗೆ ಅಫೀಮಿನ ಚಟ ಐತೆ, ಕೊಡಬೇಡ್ರಿ" ಅಂತ. ನಿಮ್ಮ ಭಾವನಿಗೂ ಇವತ್ತಿನತನಕ ಗೊತ್ತಿಲ್ಲ. ಪ್ರೇಮ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. ನಿನ್ನನ್ನ ಎರಡು ಸಲ ನೋಡಿದ್ದಳು ಅಷ್ಟೇ. ಅವಳಿಗೆ ಈಗ ಚನ್ನಗಿರಿಯಲ್ಲಿ ಮದುವೆಯಾಗೈತೆ. ಆವತ್ತು, "ಅವರನ್ನ ಕೇಳಿದ್ರಾ ಅಕ್ಕಾ?" ಅಂದಳು. "ಕೇಳಿದೆ, ತಿಂದಿಲ್ಲ ಅಂದ" ಅಂದೆ. "ಮತ್ತೆ?" ಅಂದಳು. ನಾನು ಎದ್ದು ಬಸ್ಸಿಗೆ ಬಂದೆ.