ಶಮಲ್‌ಬೆಲ್ ಘಾಟಿಯಲ್ಲಿ ಕಾದ ಒಂದೂವರೆ ಗಂಟೆ

ಕೊಕ್‌ಸಾಯ್, ನರಿನ್
ಸೆಪ್ಟೆಂಬರ್ ೧೯, ಭಾನುವಾರ

ತಮ್ಮ ತಿಲೆಕ್‌ಗೆ,

ಹೇಗಿದ್ದೀಯ? ಚಿಕ್ಕಮ್ಮನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ, ನಿನ್ನ ಕೆಮ್ಮು ಕಡಿಮೆಯಾಯಿತೇ? ಸಿಟ್ಟಿದ್ದರೂ ಮೊದಲು ಇದನ್ನು ಕೇಳಬೇಕು, ಅಮ್ಮ ನಮ್ಮನ್ನು ಹಾಗೆ ಬೆಳೆಸಿದ್ದಾಳೆ. ಅಮ್ಮ ಚೆನ್ನಾಗಿದ್ದಾಳೆ. ನನ್ನ ಎಡಗೆನ್ನೆಯ ಚರ್ಮ ಸುಲಿದಿದೆ, ಅಷ್ಟೆ. ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದವನ್ನು ತೊಕ್ಮೊಕ್‌ಗೆ ಹೊರಟ ವ್ಯಾನ್ ಡ್ರೈವರ್ ಸಗಿನ್ ಕೈಗೆ ಕೊಡುತ್ತಿದ್ದೇನೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ.

ಪೋಲೆಂಡಿನ ಐವರು ಪ್ರವಾಸಿಗರನ್ನು ನಾವಿಬ್ಬರೂ ಕರೆದುಕೊಂಡು ಹೊರಟ ಹತ್ತು ದಿನದ ನಡಿಗೆ, ಆರನೆಯ ದಿನ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು, ನಿಜ. ಆದರೆ ಕುರುಬ ದೋರೊನ್ ತಾತ ತನ್ನ ಕುರಿಗಳನ್ನು ಮೇಲಕ್ಕೆ ಬಿಟ್ಟಿರಲಿಲ್ಲ. "ಮಧ್ಯಾಹ್ನದ ಮೇಲೆ ಗಾಳಿ ತಿರುಗುತ್ತೆ ಮಗಳೇ, ಇವತ್ತು ಇಲ್ಲೇ ಇರಿ," ಅಂದ. ನೀನು ಕುದುರೆಗೆ ಜೀನು ಬಿಗಿಯುತ್ತಾ, "ತಾತನ ಮಂಡಿನೋವು ಕೇಳ್ಕೊಂಡು ನಡೆದ್ರೆ ನಾವು ಚಳಿಗಾಲದಲ್ಲಿ ಊರು ಸೇರ್ತೀವಿ," ಅಂದೆ. ನಾನೂ ನಕ್ಕೆ. ಆ ನಗು ನನ್ನ ಪಾಲಿನ ತಪ್ಪು, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಘಾಟಿಯ ನೆತ್ತಿಗೆ ಇನ್ನು ಸ್ವಲ್ಪ ದೂರ ಇರುವಾಗ ಹಿಮ ಬಿತ್ತು. ಮುಖಕ್ಕೆ ಮರಳು ಎರಚಿದ ಹಾಗೆ ಅಡ್ಡಡ್ಡ ಬೀಸಿತು. ಪೋಲೆಂಡಿನ ಆ ಐವರೂ ಬಂಡೆಯ ಮರೆಗೆ ಸರಿದರು. ನೀನು ನನ್ನ ಕಿವಿಯ ಹತ್ತಿರ ಬಂದು, "ಅಕ್ಕಾ, ಆ ಕಡೆ ಇಳಿಯೋಕಾಗುತ್ತಾ ನೋಡ್ಕೊಂಡು ಬರ್ತೀನಿ, ಹತ್ತೇ ನಿಮಿಷ. ಇಲ್ಲಿಂದ ಅಲ್ಲಾಡಬೇಡಿ," ಎಂದು ಕಾಶ್ಕಾ ಕುದುರೆ ಹತ್ತಿದೆ. ಅದರ ಬೆನ್ನ ಮೇಲೆ ಗುಡಾರಗಳಿದ್ದವು, ಒಲೆಯಿತ್ತು, ಹಗ್ಗವಿತ್ತು. ಒಂದನ್ನಾದರೂ ಇಳಿಸಿ ಹೋಗಬೇಕು ಅನ್ನಿಸಲಿಲ್ಲವೇನೋ ನಿನಗೆ?

ಒಂದೂವರೆ ಗಂಟೆ ಕಾದೆ ಕಣೋ. ಆ ಐವರಲ್ಲಿ ಮಾರೆಕ್‌ನ ಬೂಟು ಹೊಳೆ ದಾಟುವಾಗಲೇ ಒದ್ದೆಯಾಗಿತ್ತು. ಅವನು ಕಾಲು ಕುಟ್ಟುತ್ತಲೇ ಇದ್ದ, ಆಮೇಲೆ ಕುಟ್ಟುವುದನ್ನು ನಿಲ್ಲಿಸಿದ. ಅವರಲ್ಲಿ ಹಿರಿಯಳು ಹಲೀನಾ, ನಿವೃತ್ತ ಶಿಕ್ಷಕಿ, "ಈಗಲೇ ಹಿಂದಕ್ಕೆ ಇಳಿಯೋಣ," ಎಂದು ಎರಡು ಸಲ ಹೇಳಿದಳು. "ನನ್ನ ತಮ್ಮ ಬರ್ತಾನೆ. ಬರ್ತೀನಿ ಅಂದ್ರೆ ಬಂದೇ ಬರ್ತಾನೆ," ಎಂದು ನಾನೇ ಎಲ್ಲರನ್ನೂ ಕೂರಿಸಿದೆ.

ಕೊನೆಗೆ ಕತ್ತಿನ ವಸ್ತ್ರಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ, ಒಬ್ಬರ ಹಿಂದೊಬ್ಬರು ಅದನ್ನು ಹಿಡಿಯುವಂತೆ ಮಾಡಿ, ಬಂದ ದಾರಿಯಲ್ಲೇ ಇಳಿಸಿದೆ. ದಾರಿ ಕಾಣುತ್ತಿರಲಿಲ್ಲ. ತೊರೆಯ ಸದ್ದು ಎಡಗಿವಿಗೆ ಬೀಳುವಂತೆ ನಡೆದೆ. ಸದ್ದು ತಪ್ಪಿದರೆ ನಿಲ್ಲುತ್ತಿದ್ದೆ. ಮಾರೆಕ್ ಮೂರು ಸಲ ಬಿದ್ದ. ಮೂರನೆಯ ಸಲ "ನನ್ನನ್ನ ಬಿಟ್ಟು ಹೋಗಿ" ಅಂದ. ಹಲೀನಾ ಅವನ ಕೆನ್ನೆಗೆ ಬಾರಿಸಿ ಎಬ್ಬಿಸಿದಳು. ಸಂಜೆಯ ಹೊತ್ತಿಗೆ ದೋರೊನ್ ತಾತನ ನಾಯಿ ಬೊಗಳಿದ್ದು ಕೇಳಿಸಿತು. ತಾತ ಒಂದು ಮಾತೂ ಬೈಯಲಿಲ್ಲ. ಬೆರಣಿ ಒಲೆಗೆ ತುಂಬಿದ, ಬೆಣ್ಣೆ ಹಾಕಿದ ಉಪ್ಪು ಚಹಾ ಕುಡಿಸಿದ. ಮಾರೆಕ್‌ನ ಬೂಟು ಕುಯ್ದು ತೆಗೆದಾಗ ಮಾತ್ರ "ಎಷ್ಟು ಹೊತ್ತು ನಿಂತಿದ್ರಿ?" ಎಂದು ಕೇಳಿದ.  ನರಿನ್ ಆಸ್ಪತ್ರೆಯಲ್ಲಿ ಮಾರೆಕ್‌ನ ಎರಡು ಕಾಲ್ಬೆರಳು ತೆಗೆದರು.

ನೀನು ಹಿಮದಡಿ ಸಿಕ್ಕಿದ್ದೀಯ ಎಂದು ಮರುದಿನ ದೋರೊನ್ ತಾತನ ಕೋಲು ಹಿಡಿದು ಘಾಟಿಯಲ್ಲಿ ಚುಚ್ಚಿ ಚುಚ್ಚಿ ಹುಡುಕಿದೆ. ಮೂರನೆಯ ದಿನ ಸೋದರಮಾವ ಹೇಳಿ ಕಳಿಸಿದ: ಕಾಶ್ಕಾ ತನ್ನ ಅಂಗಳದಲ್ಲಿದೆ, ಜೀನು ಸಹ ಬಿಚ್ಚಿಲ್ಲ, ಹುಡುಗ ವ್ಯಾನು ಹತ್ತಿ ತೊಕ್ಮೊಕ್‌ಗೆ ಹೋದ ಎಂದು. ಸಂತೋಷದಿಂದ ಅತ್ತುಬಿಟ್ಟೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ನಿನ್ನನ್ನು ಕೊಂದುಹಾಕಬೇಕು ಅನ್ನಿಸಿತು.

ಹೆದರಿದ್ದಕ್ಕೆ ನನಗೆ ಸಿಟ್ಟಿಲ್ಲ. ನನಗೂ ಹೆದರಿಕೆಯಾಗಿತ್ತು. "ಭಯ ಆಗ್ತಿದೆ ಅಕ್ಕಾ, ನಾನು ಇಳೀತೀನಿ" ಅಂದಿದ್ದರೆ, ಸಾಮಾನು ಇಳಿಸಿಕೊಂಡು, ಹೋಗೋ ಮಾರಾಯ ಅನ್ನುತ್ತಿದ್ದೆ. ಆ ಕ್ಷಣವೇ ಐವರನ್ನೂ ಕರೆದುಕೊಂಡು ತಿರುಗುತ್ತಿದ್ದೆ. ಬರುತ್ತೇನೆ ಎಂದು ಯಾಕೆ ಹೇಳಿದೆ?

ಅಮ್ಮ ಊರಿಗೆಲ್ಲ, ತಿಲೆಕ್ ಸಹಾಯ ಕರೆಯಲು ಹೋಗಿದ್ದ ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ನಾನು ಹೌದು ಅಂದಿಲ್ಲ, ಅಲ್ಲ ಅಂತಲೂ ಅಂದಿಲ್ಲ. ನಿನಗಾಗಿ ಒಣಗಿಸಿದ ಮೊಸರುಂಡೆ ಕಟ್ಟಿಕೊಟ್ಟಿದ್ದಾಳೆ, ಸಗಿನ್ ಹತ್ತಿರ ಇದೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಕಾಪಾಡಲಿ, ಆಮೇಲೆ ನನ್ನ ಕೈಗೆ ಕೊಡಲಿ.

ನಿನ್ನ ಅಕ್ಕ,
ಬೂರುಲ್

ತಾ.ಕ.: ಸಗಿನ್ ಹಾರ್ನ್ ಹೊಡೆಯುತ್ತಿದ್ದಾನೆ. ಮಾರೆಕ್ ಗುರುವಾರ ತನ್ನ ಊರಿಗೆ ಹೊರಡುತ್ತಾನೆ. ದಿನಾ ನಾನು ಆಸ್ಪತ್ರೆಗೆ ಹೋದಾಗ ತನ್ನ ಕಾಲಿನ ಮಾತು ಬಿಟ್ಟು, "ನಿಮ್ಮ ತಮ್ಮ ಸಿಕ್ಕಿದನಾ?" ಎಂದು ಕೇಳುತ್ತಾನೆ. ನೀನು ಸತ್ತೆ ಎಂದುಕೊಂಡು ಹಲೀನಾ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿದ್ದಾಳೆ. ಬದುಕಿದ್ದೀಯ ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಸಗಿನ್ ಬುಧವಾರ ಬೆಳಿಗ್ಗೆ ತೊಕ್ಮೊಕ್‌ನಿಂದ ವಾಪಸ್ ಹೊರಡುತ್ತಾನೆ, ಮುಂದಿನ ಸೀಟು ನಿನಗೆ ಹಿಡಿಸಿದ್ದೇನೆ. ಬಂದು ಅವರಿಗೆ ನೀನೇ ಹೇಳು.